ಮಾಂಜರಾ ನದಿಯ ನಡುಗಡ್ಡೆಗಳು

ದ್ವೀಪವೆಂದೊಡನೆ ನಮ್ಮ ಮನಸ್ಸು ಕಡಲಿನ ಕಡೆಗೆ ಹರಿಯುವುದು ಸಹಜ. ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳಾದರೋ ಪೂರ್ವದ ಕಡಲಿಗೂ ಪಶ್ಚಿಮದ ಕಡಲಿಗೂ ಬಹು ದೂರದಲ್ಲಿ, ದಖ್ಖನ್ ಪ್ರಸ್ಥಭೂಮಿಯ ನಡುವೆ ಇರುವ ಊರುಗಳು. ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗವೇ ದ್ವೀಪವೆಂದು ನಮ್ಮ ಮಕ್ಕಳು ಭೂಗೋಳದ ಪಾಠದಲ್ಲಿ ಬಾಯಿಪಾಠ ಮಾಡುತ್ತಾರೆ; ಅಂಥ ನೆಲವನ್ನು ಕಣ್ಣಾರೆ ಕಂಡವರು ಕಡಮೆ. ಆದರೆ ಜಹೀರಾಬಾದಿನಿಂದ ಸುಮಾರು 50 ಕಿಲೋಮೀಟರು ಪೂರ್ವಕ್ಕೆ, ಸಂಗಾರೆಡ್ಡಿಯ ಬಳಿ, ಮಾಂಜರಾ ನದಿಯ ಮಡಿಲಲ್ಲಿ ಒಂಬತ್ತು ಸಣ್ಣ ನಡುಗಡ್ಡೆಗಳಿವೆ. ಅವುಗಳಿಗೆ ಹೆಸರುಂಟು, ಹಕ್ಕಿಗಳುಂಟು, ಚರಿತ್ರೆಯುಂಟು. ಉಪಾಧ್ಯಾಯರಾದ ನಾವು ಅವನ್ನು ಎರಡು ದೃಷ್ಟಿಗಳಿಂದ ನೋಡಬೇಕಾಗಿದೆ: ಪ್ರಕೃತಿಯ ಪಾಠವಾಗಿ ಒಮ್ಮೆ, ನಾಡಿನ ಚರಿತ್ರೆಯ ಸಾಕ್ಷಿಯಾಗಿ ಇನ್ನೊಮ್ಮೆ. ಈ ಎರಡು ನೋಟಗಳೂ ಕೊನೆಗೆ ಒಂದೇ ಕಡೆ ಸೇರುತ್ತವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ನದಿ ಮತ್ತು ಗಡಿ

ಮಾಂಜರಾ ನದಿ ಮಹಾರಾಷ್ಟ್ರದ ಬೀಡ ಜಿಲ್ಲೆಯ ಬಾಲಾಘಾಟ ಬೆಟ್ಟಗಳಲ್ಲಿ ಹುಟ್ಟಿ, ಬೀದರ ಜಿಲ್ಲೆಯನ್ನು ಹಾಯ್ದು, ಆಗ್ನೇಯಾಭಿಮುಖವಾಗಿ ತೆಲಂಗಾಣವನ್ನು ಪ್ರವೇಶಿಸುತ್ತದೆ. ಸಂಗಾರೆಡ್ಡಿಯ ಸಮೀಪ ಅದು ಥಟ್ಟನೆ ಉತ್ತರಕ್ಕೆ ತಿರುಗಿ, ಮೆದಕು, ನಿಜಾಮಾಬಾದುಗಳ ಕಡೆಗೆ ನಡೆದು, ಕಂದಕುರ್ತಿಯಲ್ಲಿ ಗೋದಾವರಿಯನ್ನು ಸೇರುತ್ತದೆ. ಒಟ್ಟು ಹರಿವಿನ ಉದ್ದ ಸುಮಾರು 724 ಕಿಲೋಮೀಟರು. ಬೀದರದವರು ಇದನ್ನು ಮಾಂಜ್ರಾ ಎನ್ನುತ್ತಾರೆ. ತೆಲುಗರು ಮಂಜೀರಾ ಎನ್ನುತ್ತಾರೆ. ಸಂಸ್ಕೃತದಲ್ಲಿ ಮಂಜೀರವೆಂದರೆ ಕಾಲಂದುಗೆ. ಬಳಸಿ ಬಾಗಿ ನಡೆಯುವ ಈ ಹೊಳೆಗೆ ಆ ಹೆಸರು ಒಪ್ಪುತ್ತದೆ.

ಈ ನದಿಗೆ ಕಾರಂಜಾ ಎಂಬ ಉಪನದಿಯೊಂದುಂಟು. ಅದು ಜಹೀರಾಬಾದಿಗೆ ಸಮೀಪದ ಕೊಹೀರಿನ ಬಳಿ ಹುಟ್ಟಿ, ಗಡಿಯನ್ನು ದಾಟಿ ಕರ್ನಾಟಕಕ್ಕೆ ಹೋಗಿ, ಬೀದರ ಜಿಲ್ಲೆಯಲ್ಲಿ ಮಾಂಜರೆಯನ್ನು ಕೂಡುತ್ತದೆ. ಅಂದರೆ ಕೊಹೀರಿನ ಕೆಂಪು ನೆಲದ ಮೇಲೆ ಬಿದ್ದ ಮಳೆಹನಿ ಒಮ್ಮೆ ಕರ್ನಾಟಕವನ್ನು ಕಂಡು, ಮಾಂಜರೆಯ ಹೆಸರಿನಲ್ಲಿ ಮರಳಿ ತೆಲಂಗಾಣಕ್ಕೆ ಬರುತ್ತದೆ. ಗಡಿನಾಡಿನ ಬಾಳಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ.

ತಾಂಡೂರಿನ ನೀರಿನ ದಾರಿ ಬೇರೆ. ಅಲ್ಲಿಯ ಕಾಗ್ನಾ ಹೊಳೆ ಪಶ್ಚಿಮಕ್ಕೆ ಹರಿದು, ಕಲಬುರಗಿ ಜಿಲ್ಲೆಯಲ್ಲಿ ಕಾಗಿಣಾ ಎನ್ನಿಸಿಕೊಂಡು, ಮಳಖೇಡದ ಕೋಟೆಯ ಪಕ್ಕದಲ್ಲಿ ಸಾಗಿ ಭೀಮೆಯನ್ನು ಸೇರುತ್ತದೆ. ಭೀಮೆಯ ಮೂಲಕ ಕೃಷ್ಣೆಯನ್ನು. ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕ್ರಿ. ಶ. 850ರ ಸುಮಾರಿಗೆ ಹುಟ್ಟಿದ ಕವಿರಾಜಮಾರ್ಗವು ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಹೇಳುವುದನ್ನು ವಾಚಕರು ಬಲ್ಲರು. ಆ ಮಾತು ಹುಟ್ಟಿದ ರಾಜಧಾನಿಯ ಹೊಳೆ ತಾಂಡೂರಿನದು. ಆ ಮಾತಿನಲ್ಲಿ ಬರುವ ಉತ್ತರದ ಎಲ್ಲೆಯನ್ನು ಮುಟ್ಟುವ ಹೊಳೆ ನಾರಾಯಣಖೇಡದ ಕಡೆಯದು. ಮುಂದೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಇಮ್ಮಡಿ ಜಯಸಿಂಹನಿಗೆ (1015-1042) ನೆಲೆವೀಡಾಗಿದ್ದ ಪೊಟ್ಟಳಕೆರೆ ಇಂದಿನ ಪಟಾನ್‌ಚೆರು. ಅದೂ ಸಂಗಾರೆಡ್ಡಿ ಜಿಲ್ಲೆಯಲ್ಲಿಯೇ ಇದೆ. ಈ ಭಾಗದ ಹಳೆಯ ಶಾಸನಗಳಲ್ಲಿ ಕನ್ನಡ ಕಾಣುವುದು ಆದ್ದರಿಂದ ಅಚ್ಚರಿಯಲ್ಲ.

ಇತ್ತೀಚಿನ ಚರಿತ್ರೆಯನ್ನು ಸಂಕ್ಷೇಪವಾಗಿ ನೆನೆಯೋಣ. 1956ರ ನವೆಂಬರ್ 1ರವರೆಗೆ ಜಹೀರಾಬಾದು ಮತ್ತು ನಾರಾಯಣಖೇಡ ತಾಲ್ಲೂಕುಗಳು ಬೀದರ ಜಿಲ್ಲೆಗೂ ತಾಂಡೂರು ತಾಲ್ಲೂಕು ಗುಲಬರ್ಗಾ ಜಿಲ್ಲೆಗೂ ಸೇರಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಇವು ಆಂಧ್ರಪ್ರದೇಶಕ್ಕೆ ಸಂದವು. ಜಹೀರಾಬಾದು ತಾಲ್ಲೂಕಿನ ನಿರ್ಣಾ ಸರ್ಕಲ್ ಮಾತ್ರ ಇತ್ತ ಉಳಿಯಿತು. ಬೀದರ ತಾಲ್ಲೂಕಿನ ನ್ಯಾಲಕಲ್ ಸರ್ಕಲ್ ಅತ್ತ ಹೋಯಿತು. 2014ರಲ್ಲಿ ತೆಲಂಗಾಣ ರಾಜ್ಯವಾದ ಮೇಲೆ, 2016ರ ಅಕ್ಟೋಬರಿನಲ್ಲಿ ಜಿಲ್ಲೆಗಳನ್ನು ಮತ್ತೆ ವಿಂಗಡಿಸಿದಾಗ, ಮೊದಲಿನೆರಡು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದು ಜಿಲ್ಲೆಗೂ ಸೇರಿದವು. ಕಾಗದದ ಮೇಲಿನ ಗೆರೆ ಹೀಗೆ ಹಲವು ಸಲ ಬದಲಾಯಿತು. ನದಿ ತನ್ನ ದಾರಿಯನ್ನು ಬಿಡಲಿಲ್ಲ.

ನಡುಗಡ್ಡೆ ಹುಟ್ಟಿದ ಬಗೆ

ಜಹೀರಾಬಾದಿನ ನೆಲ ದಖ್ಖನ್ನಿನ ಕರಿಕಲ್ಲಿನದು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಡಿದ ಶಿಲಾರಸ ಹೆಪ್ಪುಗಟ್ಟಿ ಈ ಕಲ್ಲಾಯಿತು. ಅದರ ಮೇಲೆ ಬೀದರದಲ್ಲಿ ಕಾಣುವಂಥ ಕೆಂಪು ಜಂಬಿಟ್ಟಿಗೆ ಕಲ್ಲಿನ ಹೊದಿಕೆಯಿದೆ. ಪೂರ್ವಕ್ಕೆ ಹೋದಂತೆ ಕರಿಕಲ್ಲಿನ ಪದರ ತೆಳುವಾಗಿ ಮುಗಿದು, ಅದರ ಅಡಿಯಲ್ಲಿದ್ದ ಬಹು ಪುರಾತನವಾದ ಗ್ರಾನೈಟು ತಲೆಯೆತ್ತುತ್ತದೆ. ಮೆದಕಿನ ಕಡೆಯ ಗುಂಡುಬಂಡೆಗಳ ಗುಡ್ಡಗಳು ಇದರಿಂದಲೇ ಆದವು. ಇಂಥ ನೆಲದ ಮೇಲೆ ನಿಧಾನವಾಗಿ ಹರಿಯುವ ನದಿಯ ಪಾತ್ರದಲ್ಲಿ ದಿಣ್ಣೆಗಳೂ ತಗ್ಗುಗಳೂ ಇರುವುದು ಸಹಜ. ನೀರು ಏರಿದಾಗ ದಿಣ್ಣೆ ನಡುಗಡ್ಡೆಯಾಗುತ್ತದೆ.

ನೀರನ್ನು ಏರಿಸಿದವರು ಮನುಷ್ಯರು. ಈ ನದಿಗೆ 1905ರಲ್ಲಿ ಮೆದಕು ಭಾಗದ ಘನಪುರದಲ್ಲಿ ಒಡ್ಡು ಬಿದ್ದಿತು. 1923ರಿಂದ 1931ರವರೆಗೆ ಅದಕ್ಕೂ ಕೆಳಗೆ ನಿಜಾಮಸಾಗರವನ್ನು ಕಟ್ಟಲಾಯಿತು. 1965ರಲ್ಲಿ ಸಂಗಾರೆಡ್ಡಿಯ ಬಳಿಯ ಮಂಜೀರಾ ಬ್ಯಾರೇಜಿನಿಂದ ಹೈದರಾಬಾದು ನಗರಕ್ಕೆ ಕುಡಿಯುವ ನೀರು ಹೋಗತೊಡಗಿತು. ಅದರ ಮೇಲ್ಭಾಗದಲ್ಲಿ, ಸಿಂಗೂರಿನಲ್ಲಿ, 1979ರಲ್ಲಿ ಆರಂಭವಾದ ದೊಡ್ಡ ಅಣೆಕಟ್ಟು ಸುಮಾರು 30 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲದು, ಅದರ ಹಿನ್ನೀರು ನಾರಾಯಣಖೇಡ ಭಾಗದ ಹೊಲಗಳವರೆಗೆ ಚಾಚುತ್ತದೆ. ಸಿಂಗೂರಿನಿಂದ ಮಂಜೀರಾ ಬ್ಯಾರೇಜಿನವರೆಗಿನ ಸುಮಾರು 36 ಕಿಲೋಮೀಟರು ಉದ್ದದ ನದೀಪಾತ್ರವನ್ನು 1978ರಲ್ಲಿ ವನ್ಯಜೀವಿಧಾಮವೆಂದು ಸಾರಲಾಯಿತು. ನಾವು ಹೇಳಹೊರಟಿರುವ ಒಂಬತ್ತು ನಡುಗಡ್ಡೆಗಳಿರುವುದು ಈ ಎಡೆಯಲ್ಲಿಯೇ.

ಹೊರನಾಡಿನ ಒಂದು ಉದಾಹರಣೆಯಿಂದ ಇದು ಇನ್ನೂ ಸ್ಪಷ್ಟವಾಗುವುದು. ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮಿನ ಮುಂದೆ ಬಾಲ್ಟಿಕ್ ಸಮುದ್ರದಲ್ಲಿ, ಚಿಕ್ಕಪುಟ್ಟ ಬಂಡೆಗಳನ್ನೂ ಲೆಕ್ಕಕ್ಕೆ ಹಿಡಿದರೆ, ಸುಮಾರು 30,000 ದ್ವೀಪಗಳಿವೆ. ಹಿಮಯುಗದಲ್ಲಿ ಆ ನೆಲವನ್ನು ಭಾರಿ ಹಿಮರಾಶಿ ಅದುಮಿಟ್ಟಿತ್ತು. ಹಿಮ ಕರಗಿ ಹೊರೆ ಇಳಿದ ಮೇಲೆ ನೆಲ ಮೆಲ್ಲಮೆಲ್ಲನೆ ಮೇಲಕ್ಕೇಳತೊಡಗಿತು. ಸಾವಿರಾರು ವರ್ಷಗಳಾದರೂ ಇಂದಿಗೂ ಅದು ವರ್ಷಕ್ಕೆ ಕೆಲವು ಮಿಲಿಮೀಟರಿನಷ್ಟು ಏಳುತ್ತಲೇ ಇದೆ. ಅಲ್ಲಿ ನೆಲವೇರಿ ದ್ವೀಪವಾಯಿತು. ನಮ್ಮಲ್ಲಿ ನೀರೇರಿ ದ್ವೀಪವಾಯಿತು. ಅಲ್ಲಿಯ ದ್ವೀಪ ಹೊಸದಾಗಿ ಹುಟ್ಟಿದ ನೆಲ. ನಮ್ಮಲ್ಲಿಯದು ಮುಳುಗಿದ ನೆಲದ ಉಳಿದ ತಲೆ. ಆದುದರಿಂದ ಅದರ ಮೇಲೆ ನಿಲ್ಲುವ ಚರಿತ್ರೆಯೂ ಬೇರೆ ಬಗೆಯದು.

ಅದೇ ಸ್ವೀಡನ್ನಿನ ಮೇಲಾರೆನ್ ಸರೋವರದಲ್ಲಿ ಹೆಲ್ಗೊ ಎಂಬ ದ್ವೀಪವಿದೆ. ಈಗ ಸರೋವರವಾಗಿರುವ ಆ ನೀರು ಹಿಂದೆ ಕಡಲಿನ ಕೊಲ್ಲಿಯಾಗಿತ್ತು. ನೆಲವೇರಿದ್ದರಿಂದ ಕಡಲು ದೂರ ಸರಿಯಿತು. ಆ ದ್ವೀಪದ ಉತ್ಖನನದಲ್ಲಿ 1956ರಲ್ಲಿ ಅಂಗೈಯಗಲದ ಒಂದು ಕಂಚಿನ ಬುದ್ಧ ವಿಗ್ರಹ ದೊರೆಯಿತು. ಅದು ಸುಮಾರು ಆರನೆಯ ಶತಮಾನದ್ದು, ಭರತಖಂಡದ ವಾಯವ್ಯ ಭಾಗದಲ್ಲಿ ಎರಕಗೊಂಡದ್ದು. ನಮ್ಮ ತಾಲ್ಲೂಕುಗಳ ಗೆರೆ ಬದಲಾದ ವರ್ಷದಲ್ಲಿಯೇ ದೂರದ ದ್ವೀಪವೊಂದರ ಮಣ್ಣಿನಿಂದ ನಮ್ಮ ಕಡೆಯ ಬುದ್ಧ ಎದ್ದು ಬಂದುದು ಕೇವಲ ಆಕಸ್ಮಿಕ. ಆದರೆ ಸಣ್ಣ ದ್ವೀಪವನ್ನು ಸಣ್ಣದೆಂದು ಕಡೆಗಣಿಸಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹೆಸರುಗಳ ಸಾಕ್ಷ್ಯ

ಮಾಂಜರೆಯ ನಡುಗಡ್ಡೆಗಳಲ್ಲಿ ಬುದ್ಧ ವಿಗ್ರಹವಿಲ್ಲ, ಹೆಸರುಗಳಿವೆ. ಪುಟ್ಟಿಗಡ್ಡ, ಬಾಪನಗಡ್ಡ, ಕರಣಂಗಡ್ಡ, ಸಂಗಮಡ್ಡ ಎಂಬ ನಾಲ್ಕು ಹೆಸರುಗಳನ್ನು ಇಲ್ಲಿ ಪರಿಶೀಲಿಸೋಣ.

ಮೊದಲು ಗಡ್ಡ ಎಂಬ ಮಾತು. ತೆಲುಗಿನ ಗಡ್ಡ ಮತ್ತು ಕನ್ನಡದ ಗಡ್ಡೆ ಸೋದರ ಶಬ್ದಗಳು. ಎರಡರಲ್ಲಿಯೂ ಉಂಡೆಗಟ್ಟಿದ್ದು, ಉಬ್ಬಿದ್ದು ಎಂಬ ಭಾವವಿದೆ. ನೀರಿನ ನಡುವೆ ಉಬ್ಬಿ ನಿಂತ ನೆಲವೇ ನಡುಗಡ್ಡೆ. ಗೋದಾವರಿಯ ಮುಖಜ ಭೂಮಿಯ ತೆಲುಗರು ಇಂಥ ನೆಲವನ್ನು ಲಂಕ ಎನ್ನುತ್ತಾರೆ. ನಮ್ಮ ಕರಾವಳಿಯ ದಕ್ಷಿಣದಲ್ಲಿ ಕುದುರು, ಉತ್ತರದಲ್ಲಿ ಕುರ್ವೆ ಎಂಬ ಮಾತುಗಳುಂಟು. ಹೊನ್ನಾವರದ ಮಾವಿನಕುರ್ವೆ ಪ್ರಸಿದ್ಧವಾಗಿದೆ. ಆದರೆ ಕೃಷ್ಣೆಯ ದಡದ ರಾಯಚೂರು, ಯಾದಗಿರಿಯ ಕನ್ನಡಿಗರು ಗಡ್ಡಿ ಎನ್ನುತ್ತಾರೆ. ಸುರಪುರದ ಕಡೆಯ ನೀಲಕಂಠರಾಯನಗಡ್ಡಿಯನ್ನು ನೆನೆಯಬಹುದು. ಹೀಗೆ ಮಾಂಜರೆಯ ತೆಲುಗರ ಮಾತು ಕರಾವಳಿ ತೆಲುಗರ ಮಾತಿಗಿಂತ ಕೃಷ್ಣೆಯ ಕನ್ನಡಿಗರ ಮಾತಿಗೆ ಹೆಚ್ಚು ಹತ್ತಿರವಾಗಿದೆ. ಭಾಷೆಗಳು ಎರಡಾದರೂ ದಖ್ಖನ್ನಿನ ಹೊಳೆಗಳ ಬಾಳು ಒಂದೇ ಎಂಬುದಕ್ಕೆ ಈ ಒಂದು ಶಬ್ದ ಸಾಕ್ಷಿ. ಗಡಿಯಲ್ಲಿ ನಿಂತು ಶಬ್ದಗಳನ್ನು ಕನ್ನಡದವು, ತೆಲುಗಿನವು ಎಂದು ಹರಿದು ಹಂಚುವವರು ಇದನ್ನು ಗಮನಿಸಬೇಕು.

ಎರಡನೆಯದಾಗಿ ಕರಣಂಗಡ್ಡ. ಕರಣಂ ಎಂದರೆ ಊರಿನ ಲೆಕ್ಕ ಬರೆಯುವವನು. ಕನ್ನಡದ ಕರಣಿಕ, ನಮ್ಮ ಕಡೆಯ ಕುಲಕರ್ಣಿ ಇದೇ ಮೂಲದವು. ನಿಜಾಮರ ಆಡಳಿತದಲ್ಲಿ ಈ ಅಧಿಕಾರಿಗೆ ಪಟ್ವಾರಿಯೆಂಬ ಹೆಸರು ಬಂದಿತು. ನಡುಗಡ್ಡೆಯ ಹೆಸರಿನಲ್ಲಿ ಮಾತ್ರ ಕರಣಂ ಉಳಿಯಿತು. ಮೂರನೆಯದು ಬಾಪನಗಡ್ಡ. ಬಾಪನ ಎಂದರೆ ಬ್ರಾಹ್ಮಣ. ಹಕ್ಕಿಗಳಷ್ಟೇ ವಾಸಿಸುವ, ನೀರು ಸುತ್ತಿದ ನೆಲಕ್ಕೆ ಲೆಕ್ಕಿಗನ ಹೆಸರೂ ಬ್ರಾಹ್ಮಣನ ಹೆಸರೂ ಏಕೆ ಬರಬೇಕು? ಕರಣಿಕನಿಗೆ ಸೇವೆಗಾಗಿ, ಬ್ರಾಹ್ಮಣನಿಗೆ ದಾನವಾಗಿ ಭೂಮಿ ಬಿಡುವ ಪದ್ಧತಿ ದಖ್ಖನ್ನಿನಲ್ಲೆಲ್ಲ ಇತ್ತೆಂಬುದನ್ನು ಶಾಸನಗಳಿಂದಲೂ ಇನಾಮು ದಾಖಲೆಗಳಿಂದಲೂ ಬಲ್ಲೆವು. ಈ ದಿಣ್ಣೆಗಳೂ ಅಂಥ ಹೊಲಗಳಾಗಿದ್ದುವೆಂದು ಹೆಸರಿನ ಬಲದಿಂದ ಊಹಿಸುವುದು ಅಸಂಗತವಾಗದು. ಹೊಲ ಹೋಯಿತು, ಒಡೆಯ ಹೋದ, ಹುದ್ದೆಯೂ ಹೋಯಿತು. ಹೆಸರು ನೀರಿನ ಮೇಲೆ ನಿಂತಿದೆ.

ಪುಟ್ಟಿಗಡ್ಡದ ಮಾತು ಇನ್ನೂ ಸ್ವಾರಸ್ಯವಾಗಿದೆ. ಪುಟ್ಟಿ ಎಂದರೆ ಕನ್ನಡದಲ್ಲಿ ಬುಟ್ಟಿ. ತೆಲುಗಿನಲ್ಲಿ ಬುಟ್ಟಿಯಂತೆ ದುಂಡಗೆ ಹೆಣೆದ ದೋಣಿಗೂ, ಅಂದರೆ ನಮ್ಮ ಹರಿಗೋಲಿಗೂ, ಅದೇ ಹೆಸರು. ಜೊತೆಗೆ ಪುಟ್ಟಿ ಎಂಬುದು ಕಾಳಿನ ಒಂದು ದೊಡ್ಡ ಅಳತೆಯೂ ಹೌದು. ಹರಿಗೋಲು ತಂಗುವ ಗಡ್ಡೆ ಎನ್ನಬಹುದು. ಪುಟ್ಟಿಯಷ್ಟು ಬೆಳೆ ಕೊಡುವ ಗಡ್ಡೆ ಎಂದೂ ಅನ್ನಬಹುದು. ಎರಡೂ ಅರ್ಥಗಳು ಹೊಳೆದಂಡೆಯ ಬೇಸಾಯದ ಬಾಳನ್ನೇ ಸೂಚಿಸುತ್ತವೆ. ಸಂಗಮಡ್ಡದಲ್ಲಿ ಕೇಳಿಬರುವ ಸಂಗಮವಾದರೋ ನೀರು ನೀರನ್ನು ಕೂಡುವ ಎಡೆಯ ಹೆಸರು. ಜಹೀರಾಬಾದಿನ ನೆರೆಯ ಝರಾಸಂಗಮದಲ್ಲಿಯೂ ಅದೇ ಮಾತನ್ನು ಕಾಣುತ್ತೇವೆ.

ಏಡುಪಾಯಲು

ಇವೆಲ್ಲ ಜನರಿಲ್ಲದ ನಡುಗಡ್ಡೆಗಳು. ನದಿಯ ಕೆಳಹರಿವಿನಲ್ಲಿ, ಮೆದಕು ಜಿಲ್ಲೆಯ ನಾಗಸಾನಪಲ್ಲಿಯ ಬಳಿ, ಜನ ತುಂಬುವ ಒಂದು ಪುಣ್ಯಸ್ಥಳವಿದೆ. ಅದೇ ವನದುರ್ಗೆಯ ಕ್ಷೇತ್ರವಾದ ಏಡುಪಾಯಲು. ಮಾಂಜರೆ ಇಲ್ಲಿ ಗ್ರಾನೈಟು ಬಂಡೆಗಳ ನಡುವೆ ಏಳು ಕವಲಾಗಿ ಒಡೆದು ಮತ್ತೆ ಒಂದಾಗುತ್ತದೆ. ತೆಲುಗಿನಲ್ಲಿ ಏಡು ಎಂದರೆ ಏಳು, ಪಾಯ ಎಂದರೆ ಕವಲು. ಹಳಗನ್ನಡದಲ್ಲಿ ೞ ಕಾರವಿರುವ ಎಡೆಯಲ್ಲಿ ತೆಲುಗಿನಲ್ಲಿ ಡಕಾರ ಬರುವುದನ್ನು ವ್ಯಾಕರಣ ಬಲ್ಲ ಮಿತ್ರರು ಅರಿತಿದ್ದಾರೆ. ನಮ್ಮ ಏೞು ಅವರ ಏಡು, ನಮ್ಮ ಕೋೞಿ ಅವರ ಕೋಡಿ. ಜನಮೇಜಯನು ಸರ್ಪಯಾಗವನ್ನು ಮಾಡಿದ್ದು ಇಲ್ಲಿಯೇ ಎಂದು ಸ್ಥಳಪುರಾಣ ಹೇಳುತ್ತದೆ. ಏಳು ಕವಲುಗಳಿಗೆ ಸಪ್ತರ್ಷಿಗಳ ಸಂಬಂಧವನ್ನೂ ಹೇಳುತ್ತಾರೆ. ಮಹಾಶಿವರಾತ್ರಿಯಲ್ಲಿ ನಡೆಯುವ ದೊಡ್ಡ ಜಾತ್ರೆಗೆ ಕರ್ನಾಟಕ, ಮಹಾರಾಷ್ಟ್ರಗಳಿಂದಲೂ ಭಕ್ತರು ಬರುತ್ತಾರೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಮಳೆಗಾಲದಲ್ಲಿ ಸಿಂಗೂರಿನ ಬಾಗಿಲುಗಳನ್ನು ತೆರೆದರೆ ದೇವಿಯ ಗುಡಿಗೆ ನೀರು ನುಗ್ಗುತ್ತದೆ; ಆಗ ಉತ್ಸವಮೂರ್ತಿಯನ್ನು ರಾಜಗೋಪುರದಲ್ಲಿಟ್ಟು ಪೂಜೆ ನಡೆಸುತ್ತಾರೆ. ಪುರಾಣದಷ್ಟು ಹಳೆಯದೆಂದು ನಂಬಿದ ಕ್ಷೇತ್ರವೂ ಈಗ ಅಣೆಕಟ್ಟಿನ ಬಾಗಿಲನ್ನು ನೋಡಿಕೊಂಡು ಬಾಳಬೇಕಾಗಿದೆ. ಹಾಗಾದರೆ ಬಾಯಿಲ್ಲದ ಹಕ್ಕಿಗಳ ಪಾಡೇನು?

ಹಕ್ಕಿ ಮತ್ತು ಮೊಸಳೆ

ಮಂಜೀರಾ ವನ್ಯಜೀವಿಧಾಮದಲ್ಲಿ 70ಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಗುರುತಿಸಲಾಗಿದೆ. ಬಣ್ಣದ ಕೊಕ್ಕರೆ, ಬಾಯ್ಕಳಕ ಕೊಕ್ಕರೆ, ಬೂದು ಬಕ, ಹಾವಕ್ಕಿ, ನೀರುಕಾಗೆ ಮೊದಲಾದವು ಇಲ್ಲಿ ಕಾಣಸಿಗುತ್ತವೆ. ನಡುಗಡ್ಡೆಗಳ ಮೇಲಿನ ಮರಗಳೂ ಅಂಚಿನ ಕೆಸರೂ ಜೊಂಡುಹುಲ್ಲೂ ನೀರಹಕ್ಕಿಗಳ ಗೂಡಿಗೆ ಬಹು ಅನುಕೂಲವಾಗಿವೆ. ನಾಯಿ, ನರಿ, ಮನುಷ್ಯ ಯಾರೂ ಒಣಗಾಲಿನಲ್ಲಿ ಬರಲಾರರೆಂಬುದೇ ನಡುಗಡ್ಡೆಯ ಹಿರಿಮೆ. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ಕೇಸರಿ ಬಣ್ಣದ ಚಕ್ರವಾಕಗಳೂ ಬರುತ್ತವೆ. ಕಾವ್ಯಗಳಲ್ಲಿ ವಿರಹದ ಹಕ್ಕಿಯೆಂದು ಓದಿ ಪಾಠ ಹೇಳುವ ನಾವು ಚಕ್ರವಾಕವನ್ನು ನೋಡಬೇಕಾದರೆ ಮಾಘಮಾಸದ ಒಂದು ಬೆಳಗ್ಗೆ ಇಂಥ ನೀರಿನ ಅಂಚಿನಲ್ಲಿ ನಿಲ್ಲಬೇಕು.

ಈ ಧಾಮವು ಮೊದಲು ಮೊಸಳೆಗಳಿಗಾಗಿಯೇ ಏರ್ಪಟ್ಟದ್ದು. ಭಾರತದಲ್ಲಿ ಮೊಸಳೆಗಳ ಸಂತತಿ ಅಳಿಯುವುದನ್ನು ಕಂಡು 1975ರಲ್ಲಿ ಸರಕಾರವು ಅವುಗಳ ರಕ್ಷಣೆಯ ಯೋಜನೆಯನ್ನು ಕೈಗೊಂಡಿತು. ಇಲ್ಲಿರುವುದು ಸಿಹಿನೀರಿನ ಮಗರ್ ಮೊಸಳೆ. ಮಗರ್ ಎಂಬುದು ಮಕರ ಶಬ್ದದ ತದ್ಭವ. ಚಾಲುಕ್ಯರ ಶಿಲ್ಪಿಗಳು ತೋರಣಗಳಲ್ಲಿ ಕಡೆದ ಮಕರಕ್ಕೂ ಈ ಪ್ರಾಣಿಗೂ ಹೆಸರು ಒಂದೇ. ಬೇಸಗೆಯ ಮುನ್ನ ಹೆಣ್ಣು ಮೊಸಳೆ ದಡದ ಮಣ್ಣಿನಲ್ಲಿ ಗುಳಿ ತೋಡಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಸುಮಾರು ಎರಡು ತಿಂಗಳಲ್ಲಿ ಮರಿಗಳು ಹೊರಬರುತ್ತವೆ. ಮರಿ ಹೆಣ್ಣೋ ಗಂಡೋ ಎಂಬುದನ್ನು ಗುಳಿಯ ಶಾಖವೇ ನಿರ್ಣಯಿಸುತ್ತದೆ. ಗೂಡಿನ ಮಣ್ಣು ಮುಳುಗಿದರೆ ಮೊಟ್ಟೆ ಹಾಳಾಗುತ್ತದೆ.

ಇದರಿಂದ ತಿಳಿಯುವುದೇನೆಂದರೆ, ನಡುಗಡ್ಡೆಯ ಬಾಳು ನೀರಿನ ಮಟ್ಟದಲ್ಲಿದೆ. ನೀರು ಮಿತಿಮೀರಿ ಏರಿದರೆ ಗೂಡು ಮುಳುಗುತ್ತದೆ. ಮಿತಿಮೀರಿ ಇಳಿದರೆ ಗಡ್ಡೆ ದಡವನ್ನು ಸೇರಿ, ನಡುಗಡ್ಡೆಯೆಂಬುದೇ ಇಲ್ಲವಾಗುತ್ತದೆ. 2016ರ ಬೇಸಗೆಯಲ್ಲಿ ಸಿಂಗೂರು ಬತ್ತಿ ಹೋಗಿತ್ತು. ಹೈದರಾಬಾದಿಗೆ ಇಲ್ಲಿಂದ ಹೋಗುತ್ತಿದ್ದ ನೀರು ನಿಂತಿತ್ತು. ಅದೇ ವರ್ಷದ ಸೆಪ್ಟೆಂಬರಿನ ಮಳೆಗೆ ಜಲಾಶಯ ತುಂಬಿತು. ನಗರಕ್ಕೆ ಕುಡಿಯಲು ನೀರು ಬೇಕು, ರೈತನಿಗೆ ಹೊಲಕ್ಕೆ ನೀರು ಬೇಕು, ಇವನ್ನು ಅಲ್ಲವೆನ್ನುವವರಾರು? ಆದರೆ ನೀರನ್ನು ಪಾಲು ಮಾಡುವಾಗ ಹಕ್ಕಿಗೂ ಮೊಸಳೆಗೂ ಒಂದು ಪಾಲು ಉಂಟೆಂಬುದನ್ನು ಲೆಕ್ಕ ಬರೆಯುವವರು ಮರೆಯಬಾರದು. ಕರಣಂಗಡ್ಡದ ಹೆಸರೇ ಅದನ್ನು ನೆನಪಿಸಬೇಕು.

ನಮ್ಮ ಕರ್ತವ್ಯ

ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1741ರಲ್ಲಿ ತನ್ನ ದೇಶದ ಓಲಂಡ್, ಗಾಟ್‌ಲಂಡ್ ದ್ವೀಪಗಳನ್ನು ಸುತ್ತಿದನು. ಕಂಡ ಗಿಡ, ಕಲ್ಲು, ಹಕ್ಕಿ, ಹೊಲ, ಜನರ ರೂಢಿಗಳನ್ನೆಲ್ಲ ಬರೆದಿಟ್ಟುಕೊಂಡು 1745ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ವಿದ್ವಾಂಸರೆಲ್ಲ ಲ್ಯಾಟಿನ್ ಭಾಷೆಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಆ ಪುಸ್ತಕವನ್ನು ಅವನು ಬರೆದದ್ದು ತನ್ನ ನಾಡಿನ ನುಡಿಯಲ್ಲಿ. ನಮಗೂ ಇದು ಅನುಕರಣೀಯವಾದ ಮಾದರಿ.

ಗಡಿಭಾಗದ ಉಪಾಧ್ಯಾಯರಾದ ನಮಗೆ ಎರಡು ಭಾಷೆಗಳ ಕಿವಿಯಿದೆ. ಕನ್ನಡ ಮಾತ್ರ ಬಲ್ಲವನಿಗೆ ಪುಟ್ಟಿ ಬುಟ್ಟಿಯಷ್ಟೇ, ತೆಲುಗು ಮಾತ್ರ ಬಲ್ಲವನಿಗೆ ಏಳು ಅಪರಿಚಿತ. ಎರಡನ್ನೂ ಬಲ್ಲವನಿಗೆ ನದಿಯ ಹೆಸರುಗಳು ತಾವಾಗಿ ಬಾಯಿಬಿಡುತ್ತವೆ. ಗಡಿಯಲ್ಲಿರುವುದು ನಮಗೆ ಕೊರತೆಯೆಂದು ಕೊರಗುವವರಿಗೆ ಇದೇ ಉತ್ತರ.

ಪ್ರತಿಯೊಂದು ಶಾಲೆಯೂ ತನ್ನ ಊರಿನ ಹಳ್ಳ, ಮಡು, ಗಡ್ಡೆ, ದಿಣ್ಣೆ, ಹೊಲಗಳ ಹೆಸರುಗಳನ್ನು ಹಿರಿಯರ ಬಾಯಿಂದ ಕೇಳಿ, ಅವರು ಹೇಳಿದ ಉಚ್ಚಾರಣೆಯಲ್ಲಿಯೇ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಹೇಳಿದವರ ವಯಸ್ಸು, ಕೇಳಿದ ದಿನಾಂಕ ಅದರಲ್ಲಿರಲಿ. ಸಿಂಗೂರಿನ ಹಿನ್ನೀರಿನ ಊರುಗಳಲ್ಲಿ ಈ ಕೆಲಸ ಮೊದಲು ಆಗಬೇಕು. ಏಕೆಂದರೆ ನೀರಿನ ಅಡಿಯಲ್ಲಿರುವ ಹೊಲಗಳ ಹೆಸರು ಬಲ್ಲ ಮುದುಕರು ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಚಳಿಗಾಲದಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು ಮಕ್ಕಳನ್ನು ಮಾಂಜರೆಯ ದಡಕ್ಕೆ ಕರೆದೊಯ್ಯಬೇಕು. ನಡುಗಡ್ಡೆಗೆ ಇಳಿಯಬಾರದು, ದಡದಿಂದಲೇ ಸದ್ದಿಲ್ಲದೆ ನೋಡಿ, ಕಂಡ ಹಕ್ಕಿಯ ಹೆಸರನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆದುಕೊಳ್ಳಬೇಕು.

ಮುಳುಗಿದ ನೆಲದಲ್ಲಿ ಉಳಿದದ್ದು ನಡುಗಡ್ಡೆ; ಅಳಿದ ಬಾಳಿನಲ್ಲಿ ಉಳಿದದ್ದು ಅದರ ಹೆಸರು. ನಡುಗಡ್ಡೆಯನ್ನು ಕಾಯಲು ಇಲಾಖೆಯುಂಟು, ಕಾನೂನುಂಟು. ಹೆಸರನ್ನು ಕಾಯಲು ಊರಿನ ಉಪಾಧ್ಯಾಯನಲ್ಲದೆ ಬೇರೆ ಯಾರೂ ಇಲ್ಲ.